ಹಾರ್ಬೋರ್ನ್ ಡಾಕ್ಟರಮ್ಮ ಕೊಟ್ಟ ಕವರು

ಇಂಗ್ಲೆಂಡಿನ ನಮ್ಮ ಕನ್ನಡಿಗರ ಕ್ರಿಕೆಟ್ ಲೀಗಿನಲ್ಲಿ ನಾನು ಆಡುವವನಲ್ಲ, ಕೂಗುವವನು. ಡರ್ಬಿ ತಂಡದ ಪಂದ್ಯ ಎಲ್ಲಿದ್ದರೂ ಮಡಚುವ ಕುರ್ಚಿ, ಫ್ಲಾಸ್ಕು ಹಿಡಿದು ಹಾಜರು. ವಾರವಿಡೀ ಕಾರ್ಖಾನೆಯಲ್ಲಿ ವಿಮಾನದ ಎಂಜಿನ್ನುಗಳ ನಡುವೆ ಬಾಯಿ ಮುಚ್ಚಿಕೊಂಡಿರುವವನು ಭಾನುವಾರ ನಾಲ್ಕು ಮಾತು ಗಟ್ಟಿಯಾಗಿ ಆಡಿದರೆ ತಪ್ಪೇನು?

ಹೋದ ಬೇಸಿಗೆಯಲ್ಲಿ ಬರ್ಮಿಂಗ್‌ಹ್ಯಾಮ್ ತಂಡಕ್ಕೆ ಧಾರವಾಡದ ಹುಡುಗಿಯೊಬ್ಬಳು ಸೇರಿದಳು. ಎಂಎಸ್ಸಿ ಓದಲು ಬಂದವಳು. ಗಂಡಸರ ನಡುವೆ ಅವಳೊಬ್ಬಳೇ, ಆದರೆ ಅವಳ ಸ್ಪಿನ್ ಅರ್ಥವಾಗದೆ ನಮ್ಮವರು ಸಾಲಾಗಿ ಔಟಾದರು. ಆ ತಂಡದ ಬೆನ್ನಿಗೆ ಅದೇ ಊರಿನ ಬಡಾವಣೆಯಾದ ಹಾರ್ಬೋರ್ನ್‌ನ ಡಾಕ್ಟರೊಬ್ಬರಿದ್ದರು. ಕಿಟ್ಟು, ಜೆರ್ಸಿ, ಊಟ ಎಲ್ಲ ಅವರದೇ. ಹಣ ಕೊಟ್ಟು ಆಟಗಾರರನ್ನು ಸೆಳೆಯುತ್ತಾರೆಂಬ ಗುಸುಗುಸು ಜೋರಾದಾಗ ಲೀಗಿನ ಕಮಿಟಿ ನಿಯಮ ತಂದಿತು: ಆಟಗಾರರಿಗೆ ಯಾರು ಏನು ಕೊಟ್ಟರೂ ಫಾರಂನಲ್ಲಿ ಬರೆಯಬೇಕು, ಆಡಿದ್ದಕ್ಕೆ ಹಣ ಪಡೆದವರು ಹೊರಗೆ. ಆ ನಿಯಮವನ್ನು ನಾವು ನಂಬಲಿಲ್ಲ. ಕಮಿಟಿಯ ಅಧ್ಯಕ್ಷರು ವಾರಕ್ಕೊಮ್ಮೆ ಉಣ್ಣುವುದೇ ಆ ಡಾಕ್ಟರ ಮನೆಯಲ್ಲಿ!

"ಯಾರ ಕಿವಿಗೆ ಹೂ ಇಡ್ತಿದ್ದಾರೆ ಇವ್ರು?" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದೆ.

ಎರಡೂ ಸೆಮಿಫೈನಲ್ ಒಂದೇ ಮೈದಾನದಲ್ಲಿ ಮುಗಿದ ದಿನ ಕಣ್ಣಾರೆ ಕಂಡೆ. ಕಾರ್ ಪಾರ್ಕಿನಲ್ಲಿ ಡಾಕ್ಟರ ಹೆಂಡತಿ, ಎಲ್ಲರ ಬಾಯಲ್ಲಿ ಡಾಕ್ಟರಮ್ಮ, ಆ ಹುಡುಗಿಯ ಕೈಗೆ ಒಂದು ಕವರು ಇಟ್ಟರು. ಕಾರು ಸ್ಟಾರ್ಟ್ ಮಾಡುವ ಮೊದಲೇ ಕಮಿಟಿಗೆ ದೂರು ಕಳಿಸಿದೆ. ಹುಡುಗಿ ಬಗ್ಗಿ ಅವರ ಕಾಲು ಮುಟ್ಟಿದ್ದನ್ನೂ ನೋಡಿದ್ದೆ; ಅದನ್ನು ಮಾತ್ರ ಬರೆಯಲಿಲ್ಲ.

ಡರ್ಬಿಯೊಂದಿಗಿನ ಫೈನಲ್ಲಿನ ಹಿಂದಿನ ದಿನ ಕಮಿಟಿ ನಮ್ಮಿಬ್ಬರನ್ನೂ ಕರೆಸಿತು. ಅಧ್ಯಕ್ಷರು ಅವಳ ಮುಂದೆ ಫಾರಂ ಇಟ್ಟರು.

"ನೋಡಮ್ಮ, ದುಡ್ಡು ಇಸ್ಕೊಂಡು ಆಡಿದ್ದೀಯ ಅಂತಾದ್ರೆ ಬರೀ ಲೀಗ್ ಅಲ್ಲ, ನಿನ್ನ ಸ್ಟೂಡೆಂಟ್ ವೀಸಾಗೇ ಕುತ್ತು, ಅದರಲ್ಲಿ ಆಡಿ ಸಂಪಾದಿಸೋ ಹಾಗಿಲ್ಲ. ಯಾರ್ ಏನ್ ಕೊಟ್ರು, ಎಲ್ಲಾ ಬರಿ."

ವೀಸಾ! ಅಯ್ಯೋ, ಅದು ನನ್ನ ತಲೆಗೇ ಹೊಳೆದಿರಲಿಲ್ಲ.

ಆ ಕವರು ತನ್ನ ಹುಟ್ಟುಹಬ್ಬಕ್ಕೆ ಡಾಕ್ಟರಮ್ಮ ಕೊಟ್ಟದ್ದೆಂದು ಬರೆದು ಅವಳು ನನ್ನತ್ತ ತಿರುಗಿದಳು. "ಅಂಕಲ್, ಗೌರಿ ಹಬ್ಬಕ್ಕೆ ನಿಮ್ಮನೆಗೆ ಬಂದಾಗ ಆಂಟಿ ಕುಂಕುಮ ಇಟ್ಟು ಒಂದು ಕವರ್ ಕೊಟ್ರಲ್ಲ, ಅದನ್ನೂ ಬರೀಬೇಕಾ?"

ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಕನ್ನಡ ಸಂಘದಲ್ಲಿ ಪರಿಚಯವಾದವಳನ್ನು ಹಬ್ಬಕ್ಕೆ ಕರೆದದ್ದು ನನ್ನ ಹೆಂಡತಿ. ಅಂದು ಹುಡುಗಿ ಬೇಡವೆಂದಾಗ, "ಇಟ್ಕೋಮ್ಮ, ಹೆಣ್ಮಕ್ಕಳನ್ನ ಬರಿಗೈಲಿ ಕಳಿಸಬಾರದು" ಎಂದು ಒತ್ತಾಯಿಸಿದ್ದು ಮಾತ್ರ ನಾನೇ.

"ಬರಿಯಮ್ಮ, ನನ್ನ ಹೆಸರೇ ಬರಿ," ಎಂದೆ. ಅಧ್ಯಕ್ಷರಿಗೆ ಹೇಳಿದೆ, "ನಾವು ಕೊಟ್ಟಿದ್ದು ಸಂಬಳ ಅಲ್ಲ ಸಾರ್, ಡಾಕ್ಟರಮ್ಮ ಕೊಟ್ಟಿದ್ದೂ ಅಲ್ಲ. ತಪ್ಪು ನಂದು." ದೂರು ಅಲ್ಲಿಗೇ ಬಿದ್ದುಹೋಯಿತು. ಅವಳು ಫೈನಲ್ ಆಡಬಹುದೆಂದೂ ಅಧ್ಯಕ್ಷರು ಹೇಳಿದರು.

ಅವಳು ಬ್ಯಾಗಿನಿಂದ ನಮ್ಮ ಮನೆಯ ಕವರು ತೆಗೆದು ಮೇಜಿನ ಮೇಲಿಟ್ಟಳು. ಒಡೆದೇ ಇರಲಿಲ್ಲ, ಮೂಲೆಯಲ್ಲಿ ನನ್ನ ಹೆಂಡತಿಯ ಬೆರಳಿನ ಕುಂಕುಮ ಹಾಗೇ ಇತ್ತು. ಅದುವರೆಗೆ ನಮ್ಮೊಡನೆ ಬೆಂಗಳೂರಿನ ಕನ್ನಡ ಆಡುತ್ತಿದ್ದವಳಿಗೆ ಆಗ ತನ್ನೂರಿನ ಮಾತೇ ಬಂತು.

"ತಪ್ಪ ತಿಳ್ಕೋಬ್ಯಾಡ್ರಿ ಅಂಕಲ್. ನಾಳೆ ಮತ್ತ ಯಾರರೆ ದೂರು ಬರದ್ರ, ವೀಸಾಕ್ಕ ಏನರೆ ಆದ್ರ, ಮನ್ಯಾಗ ನಾ ಏನಂತ ಹೇಳ್ಲಿ? ಈ ಕವರೂ ಬ್ಯಾಡ, ಫೈನಲ್ಲೂ ಬ್ಯಾಡ."

ಎಷ್ಟು ಹೇಳಿದರೂ ಕೇಳಲಿಲ್ಲ. ಮನೆಗೆ ಬಂದು ಕವರನ್ನು ಹೆಂಡತಿಯ ಕೈಗೆ ಕೊಟ್ಟು, ನಡೆದದ್ದೆಲ್ಲ ಹೇಳಿದೆ. ಅವಳು ಆ ಕುಂಕುಮದ ಮೇಲೆ ಬೆರಳಾಡಿಸಿದಳು.

"ನಾನ್ ಕೊಟ್ಟಿದ್ದು ಮನೆಗೆ ಬಂದ ಮಗೂಗೆ ಕಣ್ರೀ," ಎಂದಳಷ್ಟೆ.

ಮರುದಿನ ಡರ್ಬಿ ಸುಲಭವಾಗಿ ಗೆದ್ದಿತು. ಆಚೆ ಬದಿಯಲ್ಲಿ ಹುಡುಗಿ ತನ್ನ ತಂಡದವರಿಗೆ ನೀರಿನ ಬಾಟಲಿ ಕೊಡುತ್ತಿದ್ದಳು. ಎಂದೂ ಕ್ರಿಕೆಟ್ ನೋಡಲು ಬಾರದ ನನ್ನ ಹೆಂಡತಿ ಅಂದು ಬಂದಿದ್ದಳು. ನನ್ನ ಪಕ್ಕದಿಂದ ಕುರ್ಚಿ ಎತ್ತಿಕೊಂಡು, ಮೈದಾನ ಸುತ್ತಿ ಹೋಗಿ, ಆ ಹುಡುಗಿಯ ಹತ್ತಿರ ಕುಳಿತಳು. ಆ ದಿನ ನಾನು ಒಂದು ಸಲವೂ ಕೂಗಲಿಲ್ಲ.