ನೀರು ಹಾಕದ ಗಿಡದಕ್ಕ

ಬೆಳಗಿನ ಆರು ಗಂಟೆ. ಊರಿಗೆಲ್ಲ ನೀರು ಬಿಡುವ ಕಚೇರಿಯಲ್ಲಿ ಪಂಪು ಆಗಲೇ ಗುಂಯ್‌ಗುಡುತ್ತಿದೆ. ಕಾಂಪೌಂಡಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ ಹೆಂಗಸೊಬ್ಬರು ತೋರುಬೆರಳನ್ನು ಮಣ್ಣಿಗೆ ಎರಡು ಗೆಣ್ಣು ಇಳಿಸುತ್ತಾರೆ, ಒಂದು ಕ್ಷಣ ತಡೆಯುತ್ತಾರೆ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಪಕ್ಕದ ಗಿಡಕ್ಕೆ ಸರಿಯುತ್ತಾರೆ. ನಲ್ಲಿ ಇರುವುದು ಹತ್ತೇ ಹೆಜ್ಜೆ ದೂರದಲ್ಲಿ. ಅವರ ಬಗ್ಗೆ ಬರೆಯಲು ಬಂದ ನಾನು ಒಂದೂವರೆ ಗಂಟೆ ಅವರ ಬೆನ್ನ ಹಿಂದೆಯೇ ಓಡಾಡಿದೆ. ಎಂಬತ್ತೊಂದು ಗಿಡಗಳನ್ನು ಮುಟ್ಟಿ ನೋಡಿದವರು ಒಂದಕ್ಕೂ ಒಂದು ಚೊಂಬು ನೀರು ಹಾಕಲಿಲ್ಲ.

ಕಡತದಲ್ಲಿ ಅವರು ತೋಟದ ಕೆಲಸಗಾರ್ತಿ. ಎಂಜಿನಿಯರ್‌ನಿಂದ ಹಿಡಿದು ಪಂಪಿನವನವರೆಗೆ ಎಲ್ಲರ ಬಾಯಲ್ಲಿ ಗಿಡದಕ್ಕ. ವಯಸ್ಸು ಐವತ್ತೊಂಬತ್ತು. ಇಪ್ಪತ್ತೇಳು ವರ್ಷದ ಹಿಂದೆ ಕಸ ಗುಡಿಸಲು ಸೇರಿದರು. ಹಳೆಯ ತೋಟಗಾರ ನಿವೃತ್ತಿಯಾದಾಗ ಹೇಗೂ ಪೊರಕೆ ಹಿಡಿದು ಅಂಗಳದಲ್ಲೇ ಇರುತ್ತೀಯಲ್ಲ ಎಂದು ಗಿಡಗಳನ್ನೂ ಇವರ ತಲೆಗೇ ಕಟ್ಟಿದರಂತೆ.

ಅವರ ಬಳಿ ಇರುವುದು ಎರಡೇ ಜಾತಿ. ಕಾಂಪೌಂಡಿನುದ್ದಕ್ಕೂ ಅರವತ್ತೆರಡು ಕಾಗದದ ಹೂವಿನ ಗಿಡ, ಒಳಗಿನ ದಾರಿಯ ಇಕ್ಕೆಲದಲ್ಲಿ ಹತ್ತೊಂಬತ್ತು ದೇವಕಣಗಿಲೆ. ಎರಡೂ ಬಿಸಿಲಿಗೆ ಜಗ್ಗುವಂಥವಲ್ಲ. ಆದರೆ ಸ್ವಭಾವ ಅಜಗಜಾಂತರ. ಒಂದು ತೆಳ್ಳಗೆ, ಮೈಯೆಲ್ಲ ಮುಳ್ಳು, ಸಿಕ್ಕಿದ್ದನ್ನು ಹಿಡಿದು ಮೇಲೇರುವ ಚಪಲ. ಇನ್ನೊಂದು ದಪ್ಪ ಕೊಂಬೆಗಳಲ್ಲಿ ನೀರು ಬಚ್ಚಿಟ್ಟುಕೊಂಡು, ಬರಗಾಲ ಬಂತೆಂದರೆ ಎಲೆಯನ್ನೆಲ್ಲ ಕಳಚಿ ಹಾಕಿ ಸುಮ್ಮನೆ ನಿಂತುಬಿಡುವ ಗಟ್ಟಿಗ.

ಇವರು ಇದನ್ನು ಕಲಿತದ್ದು ಗಿಡಗಳನ್ನು ಕೊಂದೇ. ಮೊದಲ ವರ್ಷ ದೇವಕಣಗಿಲೆಯ ಹದಿನಾಲ್ಕು ಕೊಂಬೆ ಕಡಿದು, ಹಸಿಹಸಿಯಾಗಿ ನೆಟ್ಟು, ಎರಡು ಹೊತ್ತು ನೀರು ಹಾಕಿದರು. ಹದಿನಾಲ್ಕೂ ಬುಡದಿಂದ ಕೊಳೆತು ಹೋದವು. ಕಡಿದಿಟ್ಟ ಇನ್ನೊಂದು ಕೊಂಬೆ ಮಾತ್ರ ಪಂಪಿನ ಕೋಣೆಯ ಹಿಂದೆ ಮೂರು ವಾರ ಮರೆತು ಬಿದ್ದಿತ್ತು. ಎಸೆಯಲು ಮನಸ್ಸಾಗದೆ ನೆಟ್ಟರೆ ಅದೊಂದೇ ಚಿಗುರಿತು. "ಅದರ ಗಾಯ ಒಣಗಬೇಕಿತ್ತು, ನನಗೆ ಗೊತ್ತಿರಲಿಲ್ಲ. ಹಸಿ ಗಾಯದ ಮೇಲೆ ನೀರು ಸುರಿದು ಸುರಿದು ಸಾಯಿಸಿದೆ," ಎನ್ನುತ್ತಾರೆ. ಕಾಗದದ ಹೂವಿನದು ಬೇರೆಯದೇ ಪಾಠ. ನೀರು, ಗೊಬ್ಬರ ಧಾರಾಳವಾಗಿ ಕೊಟ್ಟಷ್ಟೂ ಎಲೆ ದಟ್ಟವಾಯಿತೇ ಹೊರತು ಹೂವಿನ ಸುಳಿವಿಲ್ಲ. ಹೂ ಮುಗಿದ ಮೇಲೆ ಸವರಬೇಕು, ಬೇರು ಕೆದಕಬಾರದು, ಆಮೇಲೆ ಅದರ ಪಾಡಿಗೆ ಬಿಡಬೇಕು ಎಂದು ತಿಳಿಯಲು ನಾಲ್ಕು ವರ್ಷ ಹಿಡಿಯಿತು. ಒಮ್ಮೆ ಮುಳ್ಳು ಚುಚ್ಚಿ ಕೀವಾಗಿ ಎಡಗೈ ಹೆಬ್ಬೆರಳಿನ ಉಗುರೇ ಹೋಯಿತು. ಇನ್ನೊಮ್ಮೆ ದೇವಕಣಗಿಲೆಯ ಹಾಲು ಸಿಡಿದು ನಾಲ್ಕು ದಿನ ಕಣ್ಣಿಗೆ ಪಟ್ಟಿ.

ಮೂರು ವರ್ಷದ ಹಿಂದೆ ಮಳೆ ಕೈಕೊಟ್ಟಿತು. ಊರಿಗೆ ವಾರಕ್ಕೊಮ್ಮೆ ನೀರು. ತೋಟಕ್ಕೆ ಒಂದು ಹನಿಯೂ ಬೇಡ ಎಂದು ಎಂಜಿನಿಯರ್ ಆದೇಶಿಸುವ ಮೊದಲೇ ಗಿಡದಕ್ಕ ತಮ್ಮ ಪೈಪನ್ನು ಸುತ್ತಿ ಉಗ್ರಾಣಕ್ಕೆ ಒಪ್ಪಿಸಿದ್ದರು. ಕಚೇರಿಯ ಹೊರಗಿನ ನಲ್ಲಿಗೆ ಬೆಳಗಾಗುತ್ತಲೇ ಕೊಡಗಳ ಸಾಲು ಬೆಳೆಯುತ್ತಿತ್ತು.

ಎಪ್ಪತ್ತು ದಿನ ಕಳೆಯುವಷ್ಟರಲ್ಲಿ ಆಗಬಾರದ್ದು ಆಯಿತು. ಕಾಗದದ ಹೂವಿನ ಗಿಡಗಳು ಹಿಂದೆಂದೂ ಇಲ್ಲದಷ್ಟು ಹೂ ಬಿಟ್ಟವು. ಎಲೆಯೇ ಕಾಣದಂತೆ ಕಾಂಪೌಂಡಿನುದ್ದಕ್ಕೂ ಗುಲಾಬಿ ಬಣ್ಣ. ಖಾಲಿ ಕೊಡ ಹಿಡಿದು ನಿಂತವರಿಗೆ ಮೈ ಉರಿಯಿತು. ನಮಗಿಲ್ಲದ ನೀರು ಕಚೇರಿಯ ಹೂವಿಗಿದೆ ಎಂದು ನಲವತ್ತು ಜನ ಸಹಿ ಹಾಕಿ ದೂರು ಕೊಟ್ಟರು. ಮೂರು ದಿನದೊಳಗೆ ಉತ್ತರಿಸಬೇಕೆಂದು ಗಿಡದಕ್ಕನ ಕೈಗೆ ನೋಟಿಸು ಬಂತು. ಜೊತೆಗೆ, ಬೋಳಾಗಿ ನಿಂತ ದೇವಕಣಗಿಲೆಗಳು ಸತ್ತಿವೆಯೆಂದು ಕಡಿಸುವ ಆದೇಶವೂ ಹೊರಟಿತು. ಒಂದು ಗಿಡ ಹೂ ಬಿಟ್ಟದ್ದಕ್ಕೆ ಇವರು ಕಳ್ಳಿ, ಇನ್ನೊಂದು ಎಲೆ ಉದುರಿಸಿದ್ದಕ್ಕೆ ಕೈಲಾಗದವರು.

ಆ ದಿನ ಊಟ ಸೇರಲಿಲ್ಲವಂತೆ. ಟೈಲರ್ ಆಗಿರುವ ಗಂಡ, ಅಕ್ಷರ ಬಲ್ಲವರ ಹತ್ತಿರ ಉತ್ತರ ಬರೆಸೋಣ ಎಂದರು. ಇವರು ಒಪ್ಪಲಿಲ್ಲ. ಬೆಳಿಗ್ಗೆ ಗೇಟು ತೆರೆದು, ಸಾಲಿನಲ್ಲಿದ್ದವರನ್ನು ಒಳಗೆ ಕರೆದರು. ಹೂ ತುಂಬಿದ ಗಿಡದ ಪಕ್ಕ, ಬೇರಿಗೆ ಪೆಟ್ಟಾಗದಷ್ಟು ದೂರದಲ್ಲಿ, ಮೊಳದಷ್ಟು ಆಳದ ಗುಂಡಿ ತೋಡಿದರು. ದೂರಿಗೆ ಮೊದಲ ಸಹಿ ಹಾಕಿದ್ದ ಇಸ್ತ್ರಿ ಅಂಗಡಿಯ ಅಜ್ಜಿಗೆ ಕೈ ಹಾಕಿ ನೋಡಲು ಹೇಳಿದರು. ಅಜ್ಜಿ ಮೊಣಕೈವರೆಗೆ ಇಳಿಸಿ ಮೇಲೆತ್ತಿದಾಗ ಮುಷ್ಟಿಯ ತುಂಬ ಬೂದಿಯಂಥ ಒಣ ಮಣ್ಣು.

ಹಾಗಾದರೆ ಹೂ ಎಲ್ಲಿಂದ ಬಂತು ಎಂದು ಅಜ್ಜಿ ಕೇಳಿದ್ದು ನ್ಯಾಯವೇ. "ಬಾಯಾರಿದ್ದಕ್ಕೇ ಬಂದಿದೆ ಅಜ್ಜಿ. ಉಳಿಯೋದು ಕಷ್ಟ ಅಂತ ಇದಕ್ಕೆ ಅನ್ನಿಸಿದರೆ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹೂ ಬಿಡುತ್ತೆ," ಎಂದರು ಗಿಡದಕ್ಕ. ಆಮೇಲೆ ಎಲ್ಲರನ್ನೂ ಬೋಳು ಮರಗಳ ಹತ್ತಿರ ಕರೆದೊಯ್ದು, ಸುಕ್ಕುಗಟ್ಟಿದ ಕೊಂಬೆಯೊಂದನ್ನು ಉಗುರಿನಿಂದ ಗೀರಿದರು. ಬೆಳ್ಳಗೆ ಹಾಲು ಜಿನುಗಿತು. ಇದಕ್ಕೂ ಅಷ್ಟೇ ದಿನದಿಂದ ನೀರಿಲ್ಲ, ಇದು ಸತ್ತಿಲ್ಲ, ಖರ್ಚು ಕಡಿಮೆ ಮಾಡಿಕೊಂಡು ಕೂತಿದೆ ಎಂದರು. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಎಂಜಿನಿಯರ್ ಇಳಿದು ಬಂದು ತಾವೂ ಒಂದು ಕೊಂಬೆ ಗೀರಿದರು. ನೋಟಿಸೂ ಕಡಿಯುವ ಆದೇಶವೂ ಆ ಮಧ್ಯಾಹ್ನವೇ ರದ್ದಾದವು.

ಕೈಯ ಮಣ್ಣು ಕೊಡವಿಕೊಳ್ಳುತ್ತ ಅಜ್ಜಿ ಆಡಿದ ಮಾತನ್ನು ಪಂಪಿನವನು ಇಂದಿಗೂ ಬಂದವರಿಗೆಲ್ಲ ಹೇಳುತ್ತಾನೆ. "ಬಾಯಾರಿದರೆ ನಾವು ಕೊಡ ಹಿಡಿದು ಜಗಳ ಆಡ್ತೀವಿ. ಇದು ನೋಡಿದರೆ ಹೂ ಬಿಡ್ತದೆ."

ನೀರು ನಿಂತ ನೂರ ಹನ್ನೆರಡನೇ ದಿನ ಮಳೆ ಬಂತು. ಹತ್ತೊಂಬತ್ತರಲ್ಲಿ ಹದಿನೇಳು ದೇವಕಣಗಿಲೆ ಚಿಗುರಿದವು. ಎರಡು ಚಿಗುರಲಿಲ್ಲ. ಅಷ್ಟು ಸಾಕಲ್ಲ ಎಂದು ಯಾರಾದರೂ ಅಂದರೆ ಗಿಡದಕ್ಕ ತಲೆಯಾಡಿಸುವುದಿಲ್ಲ. ಆ ಎರಡರ ಜಾಗಕ್ಕೆ ಬೇರೆ ಕೊಂಬೆ ಒಣಗಿಸಿ ನೆಟ್ಟಿದ್ದಾರೆ. ಅವೀಗ ಎದೆಯೆತ್ತರ.

ಮನೆಯಲ್ಲೂ ಹೀಗೇನಾ ಎಂದು ಅವರ ಗಂಡನನ್ನು ಕೇಳಿದೆ. ಹೊಲಿಗೆ ಯಂತ್ರದಿಂದ ತಲೆಯೆತ್ತದೆ, ತಮಗೂ ಟೀ ಬೇಕಾದರೆ ಗಿಡದ ಹಾಗೆ ಎರಡು ಸಲ ಬಾಡಿ ತೋರಿಸಬೇಕು ಎಂದರು. ಮಗಳು ನಕ್ಕಳು. ಗಿಡದಕ್ಕನೂ ನಕ್ಕರು, ಆದರೆ ಇಲ್ಲ ಎನ್ನಲಿಲ್ಲ.

ಇನ್ನು ಎಂಟು ತಿಂಗಳಿಗೆ ನಿವೃತ್ತಿ. ಕಚೇರಿಯಿಂದ ಏನಾದರೂ ಕೇಳಿಕೊಳ್ಳುವುದಿದೆಯೇ ಎಂದೆ. ಸನ್ಮಾನ, ಹಾರ ಇಂಥದ್ದೇನಾದರೂ ಹೇಳಬಹುದೆಂದು ಪೆನ್ನು ತೆರೆದು ಕೂತಿದ್ದೆ.

"ಒಂದೇ ಒಂದು ಕೇಳಬೇಕು ಅಂತಿದೀನಿ," ಎಂದರು ಗಿಡದಕ್ಕ. "ನನ್ನ ಜಾಗಕ್ಕೆ ಬರೋರು ಸ್ವಲ್ಪ ಸೋಮಾರಿ ಆಗಿರಲಿ."