ಹೆಗಲ ಗಡ್ಡೆ, ಅತ್ತೆಯ ಕೂಳು

ನಾನು ಡಾಕ್ಟರಾಗುವುದನ್ನು ಇನ್ನೇನು ತಪ್ಪಿಸಿಯೇಬಿಟ್ಟಿದ್ದವಳು ನನ್ನ ಸೋದರತ್ತೆ. ತಾಯಿಯಿಲ್ಲದ ನನ್ನನ್ನು ಸಾಕಿ ಬೆಳೆಸಿದವಳೂ ಅವಳೇ. ಆದ್ದರಿಂದ ಅವಳನ್ನು ಬೈಯುವ ಹಕ್ಕು ನನಗಿಲ್ಲ. ಆದರೂ ಅವತ್ತು ಬಾಯಿಗೆ ಬಂದಂತೆ ಬೈದೆ.

ದಿಂಡಿಗಲ್ಲಿನ ಆಸ್ಪತ್ರೆಯಲ್ಲಿ ನಮ್ಮ ಕಲಿಕೆ ಮುಗಿಯುವ ದಿನ ಅದು. ಕಲಿಯುತ್ತಿದ್ದವರು ನಾನು ಮತ್ತು ಒಬ್ಬ ಗೆಳೆಯ, ಇಬ್ಬರೇ. ಅವನು ಹಿಂದಿನ ದಿನವೇ ಪಾಸಾಗಿ ಮೀಸೆ ತಿರುವಿಕೊಂಡು ಓಡಾಡುತ್ತಿದ್ದ. ನಾನಿನ್ನೂ ಆಸ್ಪತ್ರೆಯ ದೊಡ್ಡ ಡಾಕ್ಟರ್, ಇಂಗ್ಲಿಷ್ ದೊರೆಯ ಕಣ್ಣೆದುರು ಒಂದು ಶಸ್ತ್ರಕ್ರಿಯೆ ಮಾಡಿ ತೋರಿಸಬೇಕಿತ್ತು. ದೊರೆ ಮರುದಿನ ಬೆಳಿಗ್ಗೆಯೇ ಬೇಸಿಗೆ ಕಳೆಯಲು ಕೊಡೈಕಾನಲ್ ಬೆಟ್ಟ ಹತ್ತುವವರು. ಅವತ್ತು ಪಾಸಾದರೆ ನಮ್ಮ ಕಂಬಂ ಕಣಿವೆಯ ಹೊಸ ದವಾಖಾನೆ ನನಗೆ. ಇಲ್ಲದಿದ್ದರೆ ಬೇರೆ ಯಾರಿಗೋ.

ರೋಗಿ ನಮ್ಮ ಕಣಿವೆಯ ರೈತನೇ, ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವನೇ. ಹೆಗಲ ಮೇಲೆ ಮಾವಿನಕಾಯಿಯಷ್ಟು ಕೊಬ್ಬಿನ ಗಡ್ಡೆ. ಕ್ಲೋರೋಫಾರಂ ಮೂಸಿಸಿ ಮಲಗಿಸುವುದರಿಂದ ಹೊಟ್ಟೆ ಖಾಲಿ ಇರಬೇಕು, ಇಲ್ಲದಿದ್ದರೆ ವಾಂತಿಯಾಗಿ ಉಸಿರು ಕಟ್ಟುತ್ತದೆ. ಗೆಳೆಯ ಬಟ್ಟೆ, ಶೀಸೆ ಹಿಡಿದು ಸಿದ್ಧನಾಗಿ ನಿಂತಿದ್ದ. ನಾನು ಪಾಸಾಗುವುದನ್ನು ಕಣ್ಣಾರೆ ನೋಡಬೇಕೆಂದು ಊರಿನಿಂದ ಗಾಡಿ ಕಟ್ಟಿಸಿಕೊಂಡು ಬಂದಿದ್ದ ಅತ್ತೆ, ಜಗಲಿಯಲ್ಲಿ ಆ ರೋಗಿಯ ಪಕ್ಕ ಕುಳಿತು ಬುತ್ತಿಯ ಪಾತ್ರೆ ತೊಳೆಯುತ್ತಿದ್ದಳು.

"ಪಾವಂ ಕಣ್ಡಾ, ಬಡಪಾಯಿ! ರಾತ್ರೀಂದ ಒಟ್ಟೇಗೆ ಏನೂ ಇಲ್ವಂತೆ. ಇದೇನ್ ಆಸ್ಪತ್ರೀನಾ, ಜೈಲಾ? ಸಜ್ಜೆ ಕೂಳು ಉಣಿಸ್ದೆ, ಗಬಗಬಾಂತ ತಿಂದ."

ನಮ್ಮವರ ಪದ್ಧತಿ ಇದು. ಹೆರಿಗೆಯಾಗಲಿ, ಕೋರ್ಟಾಗಲಿ, ಕಷ್ಟಕ್ಕೆ ಹೊರಟವರಿಗೆ ಮನೆಯ ಹಿರಿಯ ಹೆಂಗಸು ಕೈಯಾರೆ ಉಣಿಸಿಯೇ ಕಳಿಸಬೇಕು. ಅವನಿಗೆ ಅಲ್ಲಿ ಮನೆಯವರಿರಲಿಲ್ಲ, ಅತ್ತೆ ಇದ್ದಳು. ನಾನು ತಲೆ ತಲೆ ಚಚ್ಚಿಕೊಂಡು ಕೂಗಾಡಿದೆ. ಅವಳು ಜಗ್ಗಲಿಲ್ಲ.

"ಕತ್ತಿ ಕೆಳಗೆ ಓಗೋನ್ನ ಅಸ್ಕೊಂಡು ಕಳ್ಸಾದಾ? ಎಂಥಾ ಓದ್ಡಾ ನಿಂದು!"

ದೊರೆ ಸಂಗತಿ ಕೇಳಿ, ಇನ್ನು ಬೇಸಿಗೆ ಕಳೆದ ಮೇಲೆ ನೋಡೋಣ ಎಂದು ಕೈ ಒರೆಸಿಕೊಂಡರು. ನನಗೆ ಅಳುವೇ ಬಂತು. ಏನಾಯಿತೆಂದು ರೋಗಿ ಕೇಳಿದ. ಹೇಳಿದೆ.

"ಅಷ್ಟೇನಾ? ನಿದ್ದೆಮದ್ದು ಬ್ಯಾಡ ಬುಡು. ಕೊಯ್ಯಿ, ನಾನು ಕಣ್ ಬುಟ್ಕೊಂಡೇ ಇರ್ತೀನಿ."

ದೊರೆ ಬೇಡವೆಂದರು. ಅವನು ಹಟ ಬಿಡಲಿಲ್ಲ. ಕಡೆಗೆ ದೊರೆ ನನ್ನತ್ತ ತಿರುಗಿ, "ಅವನು ಸಾಕು ಅಂದ ಕೂಡಲೇ ನಿಲ್ಲಿಸಬೇಕು. ನಿಲ್ಲಿಸಿದರೆ ನೀನು ಫೇಲು" ಎಂದರು.

ಚರ್ಮಕ್ಕೆ ಕತ್ತಿ ತಾಗಿಸಿದೆ. ಅತ್ತೆ ಅವನ ತಲೆಯ ಹತ್ತಿರ ಕುಳಿತು ಕೈ ಹಿಡಿದುಕೊಂಡಳು.

"ಎತ್ತು ಎಲ್ಲಿಂದ ತಂದ್ಯಪ್ಪಾ?"

"ಆಂಡಿಪಟ್ಟಿ ಸಂತೇಲಿ, ಅಕ್ಕಾ."

"ಆಚೆ ನಿನ್ ಗಾಡಿಗೆ ಕಟ್ಟಿದ್ಯಲ್ಲಾ, ಅವಾ? ಅಯ್ಯೋ ಸಾಮಿ, ಅವೂ ಒಂದ್ ಎತ್ತಾ? ಮೇಕೆ ಅಂದ್ಕೊಂಡೆ."

"ಏನಂದೆ!" ಎಂದು ಅವನು ಇಡೀ ವಾರ್ಡು ಅದುರುವಂತೆ ಗರ್ಜಿಸಿದ. ನೋವಿಗೆ ಕೂಗಿದನೋ ಸಿಟ್ಟಿಗೆ ಕೂಗಿದನೋ ದೇವರೇ ಬಲ್ಲ. ನಮ್ಮ ಮಾತು ತಿಳಿಯದ ದೊರೆ ಬೆಚ್ಚಿ, "ಸಾಕು ಅಂದನೇ?" ಎಂದು ಕೇಳಿದರು.

"ಇಲ್ಲ, ಎತ್ತಿನ ವಿಷಯ" ಎಂದೆ.

ಅತ್ತೆ ಕೊಂಬನ್ನು ಜರೆದಳು, ಗೊರಸನ್ನು ಜರೆದಳು. ಅವನು ಹಲ್ಲು ಕಚ್ಚಿಕೊಂಡೇ ಒಂದೊಂದಕ್ಕೂ ಉತ್ತರ ಕೊಟ್ಟ. ಗಡ್ಡೆ ಹೊರಗೆ ಬಂತು, ಹೊಲಿಗೆ ಮುಗಿಯಿತು. ಗೆಳೆಯ ಶೀಸೆ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದ. ದೊರೆ ಗಾಯವನ್ನು ಬಗ್ಗಿ ನೋಡಿ, ಕೆಲಸ ಚೆನ್ನಾಗಿದೆ, ಆದರೆ ಕ್ರಮದ ಪ್ರಕಾರ ನಡೆದಿಲ್ಲ, ಯೋಚಿಸಬೇಕು ಎಂದರು.

ಅಷ್ಟರಲ್ಲಿ ರೋಗಿ ಬೆವರು ಒರೆಸಿಕೊಂಡು ನನ್ನ ಕೈ ಹಿಡಿದ.

"ನನ್ನೆಂಡ್ತಿ ಕುತ್ಗೇಲೂ ಒಂದೈತೆ. ಬಾಳ ದಿಸ ಆಯ್ತು, ಭಯಕ್ಕೆ ಯಾರ್ಗೂ ತೋರ್ಸಿಲ್ಲ. ನೀನು ನಮ್ ಕಡೆಗೇ ಬರೋದಾದ್ರೆ ನಿನ್ ಕೈಲೇ ತೆಗಿಸ್ತೀನಿ. ಬರ್ತೀಯಾ?"

ಬರುವುದು ಬಿಡುವುದು ನನ್ನ ಕೈಯಲ್ಲಿರಲಿಲ್ಲ. ಅವನು ಏನು ಹೇಳುತ್ತಿದ್ದಾನೆಂದು ದೊರೆ ಕೇಳಿದರು. ಒಂದು ಮಾತೂ ಬಿಡದೆ ತಿಳಿಸಿದೆ. ಅವರು ನನ್ನ ಪರೀಕ್ಷೆಯ ಕಾಗದವನ್ನು ಮುಂದಕ್ಕೆ ಎಳೆದುಕೊಂಡರು. ಆಮೇಲೆ ಲೇಖನಿಗೆ ಕೈ ಚಾಚಿದರು.

"ಬರುತ್ತೇನೆ ಅಂತ ಹೇಳು ಅವನಿಗೆ."

ಹೇಳಿದೆ. ಹೇಳುವಾಗ ನಗುವೂ ಅಳುವೂ ಒಟ್ಟಿಗೇ ಬಂದವು.