ಅಂಬ್ರಪ್ಪನ ಗೇಣು

ನನ್ನ ಗಂಡನ ಹೆಸರು ಅಂಬ್ರಪ್ಪ. ಅವರು ಇರುವತನಕ ಈ ಹೆಸರನ್ನು ನಾನು ಬಾಯಲ್ಲಿ ಅಂದವಳಲ್ಲ. ಈಗ ಬರೆಯುತ್ತೇನೆ. ಶಹಾಪುರದಲ್ಲಿ ಕಟ್ಟಿಗೆ ಕೆಲಸದ ಅಂಗಡಿ ಇಟ್ಟಿದ್ದರು. ಬಾಗಿಲ ಚೌಕಟ್ಟು, ಕಿಟಕಿ, ಶಾಲೆಯ ಬೆಂಚು ಮಾಡುತ್ತಿದ್ದರು. ಹೋದ ವರ್ಷ ಶ್ರಾವಣದಲ್ಲಿ ಬಸ್ ಸ್ಟ್ಯಾಂಡ್ ಮುಂದೆ ಚಹಾ ಕುಡಿಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಏಳಲಿಲ್ಲ.

ಹುಟ್ಟಿದ್ದು ಹತ್ತಿಕುಣಿಯಲ್ಲಿ, ಕೂಲಿ ಮಾಡುವವರ ಮನೆಯಲ್ಲಿ. ಮನೆತನದಲ್ಲಿ ಯಾರೂ ಉಳಿ ಹಿಡಿದವರಲ್ಲ. ಹದಿನಾರಕ್ಕೆ ಹೈದರಾಬಾದಿಗೆ ಹೋಗಿ, ಸಾಮಾನು ತುಂಬುವ ಕಟ್ಟಿಗೆ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕಸ ಬಳಿಯಲು ಸೇರಿದರು. ಕಸ ಬಳಿಯುತ್ತ ಬಳಿಯುತ್ತ ಅಲ್ಲಿಯ ಗರಗಸದ ಮಿಷನ್ ಮೇಲೆ ಅವರ ಮನಸ್ಸು ಬಿತ್ತು.

ಆ ಮಿಷನ್ ಹೀಗಿದೆ. ಒಂದು ಟೇಬಲ್. ಅದರ ಹಿಂದೆ ಕಬ್ಬಿಣದ ಕಂಬ. ಕಂಬದ ತುದಿಯಿಂದ ಟೇಬಲ್ ಮೇಲೆ ಚಾಚಿದ ಒಂದು ಕಬ್ಬಿಣದ ತೋಳು. ತೋಳಿಗೆ ಮೋಟಾರು ಜೋತು ಬಿದ್ದಿರುತ್ತದೆ, ಮೋಟಾರಿಗೆ ಗುಂಡು ಗರಗಸ. ಹಲಗೆ ಟೇಬಲ್ ಮೇಲೆ ಅಲುಗದೆ ಇರುತ್ತದೆ. ಹಿಡಿಕೆ ಹಿಡಿದು ಎಳೆದರೆ ಗರಗಸವೇ ತೋಳಿನ ಉದ್ದಕ್ಕೂ ಕೊಯ್ಯುತ್ತ ನಮ್ಮ ಕಡೆ ಬರುತ್ತದೆ. ಶಹಾಪುರದವರು ಇದಕ್ಕೆ ಕೈಮಿಷನ್ ಎಂದು ಹೆಸರಿಟ್ಟರು.

ನಮ್ಮ ಮದುವೆಯಾಗಿ ನಾಲ್ಕು ವರ್ಷಕ್ಕೆ ಕಾರ್ಖಾನೆ ಮುಚ್ಚಿತು. ಮಾಲೀಕ ಮಿಷನ್ನನ್ನು ಗುಜರಿಗೆ ಹಾಕಲು ನಿಂತಿದ್ದ. ಇವರು ಬೇಡಿ ತಂದರು. ನನ್ನನ್ನು ಮನೆಗೆ ಕರೆತಂದಾಗ ಬಸ್ಸಿನ ಮೇಲೆ ಒಂದು ಟ್ರಂಕ್ ಹಾಕಿದ್ದರು. ಮಿಷನ್ ತರಲು ಲಾರಿ ಮಾಡಿದರು. ಬಿಚ್ಚಿದ ತುಂಡುಗಳಿಗೆ ತಮ್ಮ ಹಾಸಿಗೆ ಸುತ್ತಿ ತಂದಿದ್ದರು.

ಅಳತೆಯಲ್ಲಿ ಅವರದೊಂದು ಚಾಳಿ ಇತ್ತು. ಜೇಬಿನಲ್ಲಿ ಟೇಪು ಇದ್ದರೂ ಮೊದಲು ಗೇಣು ಇಡುವರು. ಹೆಬ್ಬೆರಳು, ಕಿರುಬೆರಳು ಬಿಚ್ಚಿ ಹೊಸ್ತಿಲು ಅಳೆಯುವರು, ಮಂಚ ಅಳೆಯುವರು, ಕಲ್ಲಂಗಡಿ ಹಣ್ಣು ಅಳೆಯುವರು. ಮದುವೆಯ ಹೊಸದರಲ್ಲಿ ನನ್ನನ್ನೂ ಅಳೆದಿದ್ದರು.

ಅಂಗಡಿಗೆ ನಾನು ಹೋದದ್ದು ಕಡಿಮೆ. ಒಂದು ದಿನ ಬುತ್ತಿ ಒಯ್ದೆ. ಅವರು ಮಿಷನ್ ಬಂದ್ ಮಾಡಿ, ಗರಗಸ ಪೂರ್ತಿ ನಿಲ್ಲುವತನಕ ನನ್ನ ಕಡೆ ತಿರುಗಲಿಲ್ಲ. ಆಮೇಲೆ ಅಂದರು, "ನೀ ಒಳಗ ಬರಬ್ಯಾಡ. ಸೆರಗು ಸಿಕ್ರ ನಿನ್ನೂ ಎಳಕೊಂಡು ಹೋಗ್ತದ ಇದು." ಅಂದಿನಿಂದ ಬುತ್ತಿಯನ್ನು ಹೊರಗೆ ಕಲ್ಲಿನ ಮೇಲೆ ಇಟ್ಟು ಬರುತ್ತಿದ್ದೆ. ಒಳಗೆ ಪರಿಮಳಾ ಇದ್ದಳು.

ಪರಿಮಳಾ ದೇವಾಪುರದವಳು. ಗಂಡನನ್ನು ಬಿಟ್ಟು ಬಂದು ಶಹಾಪುರದಲ್ಲಿ ಅವ್ವನ ಜೊತೆ ಇದ್ದಳು. ಕಟ್ಟಿಗೆಗೆ ಪಾಲಿಶ್ ಪೇಪರ್ ತಿಕ್ಕಲು ಬಂದವಳು ಮಿಷನ್ ತನಕ ಹೋದಳು. ಚೂಡಿದಾರ ಹಾಕುತ್ತಿದ್ದಳು, ಕೂದಲನ್ನು ಬಟ್ಟೆಯಲ್ಲಿ ಬಿಗಿದು ಕಟ್ಟುತ್ತಿದ್ದಳು. ಅವಳಿಗೆ ಸೆರಗಿರಲಿಲ್ಲ. ಅಷ್ಟಕ್ಕೇ ಅವಳು ಒಳಗೆ, ನಾನು ಹೊರಗೆ. ಎಂಟು ವರ್ಷ.

ಮನೆಗೆ ಬಂದರೂ ಅವಳದೇ ಮಾತು. ಪರಿಮಳಾನ ಕೈ ಭಾಳ ಶಾಣ್ಯಾ ಎನ್ನುವರು. ಕೂದಲೆಳೆಯಷ್ಟು ಸೊಟ್ಟ ಇದ್ದರೂ ಪರಿಮಳಾನ ಕಣ್ಣಿಗೆ ಬೀಳುತ್ತದೆ ಎನ್ನುವರು. ನಾನು ಬಡಿದ ರೊಟ್ಟಿ ಗುಂಡಗಿದೆ ಎಂದು ಒಂದು ದಿನ ಅಂದವರಲ್ಲ. ಕೆಟ್ಟವರಾಗಿರಲಿಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಬಿಡುತ್ತಿದ್ದೆ.

ಅಮಾವಾಸ್ಯೆ ದಿನ ನಮ್ಮ ಸುತ್ತಿನ ಕಟ್ಟಿಗೆ ಕೆಲಸದವರು ಅಂಗಡಿ ತೆರೆಯುವುದಿಲ್ಲ. ಎಲ್ಲರ ಗಂಡಂದಿರೂ ಮನೆಯಲ್ಲಿ ಇರುತ್ತಾರೆ. ನಮ್ಮವರು ಹೋಗುತ್ತಿದ್ದರು. ಗಿರಾಕಿಯ ಕಟ್ಟಿಗೆ ಮುಟ್ಟುವುದಿಲ್ಲ, ಇವತ್ತು ಮಿಷನ್ ನೆಟ್ಟಗಿದೆಯೋ ಇಲ್ಲವೋ ನೋಡುವ ದಿನ ಎನ್ನುತ್ತಿದ್ದರು. ಅದಕ್ಕೆ ಇಬ್ಬರು ಬೇಕಂತೆ. ಒಬ್ಬರು ತೋಳು ಹಿಡಿಯಬೇಕು, ಒಬ್ಬರು ಬೋಲ್ಟ್ ಬಿಗಿಯಬೇಕು. ನಾನು ಕಡಬು ಮಾಡಿ ಕೂಡುತ್ತಿದ್ದೆ. ಕಡಬು ಆರಿ ಕಲ್ಲಾಗುತ್ತಿದ್ದವು.

ಒಂದು ಅಮಾವಾಸ್ಯೆ ತಡೆಯಲಾರದೆ ಹೋಗಿ ಕಿಟಕಿಯಿಂದ ನೋಡಿದೆ. ಇವರು ಟೇಬಲ್ ಮೇಲೆ ಗೇಣು ಬಿಚ್ಚಿ ಇಟ್ಟಿದ್ದರು. ಪರಿಮಳಾ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಬಾಟಲಿ ಹಿಡಿದು ಅವರ ಕಿರುಬೆರಳಿನ ಮಗ್ಗುಲಿಗೆ ಒಂದು ಗೆರೆ ಎಳೆಯುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ತಿರುಗಿ ಬಂದೆ. ಏನೆಂದು ಕೇಳಲಿಲ್ಲ. ಆ ಗೆರೆ ನನ್ನ ಹೊಟ್ಟೆಯಲ್ಲಿ ಉಳಿಯಿತು.

ಅವರು ಹೋದ ಮೇಲೆ ಅಂಗಡಿಗೆ ಬೀಗ ಬಿತ್ತು. ಸುರಪುರದಲ್ಲಿ ಕಟ್ಟಿಗೆ ವ್ಯಾಪಾರ ಮಾಡುವ ನಾಗಣ್ಣ ಒಂದು ದಿನ ಬಂದರು. "ಮಿಷನ್ ನನಗ ಕೊಡ್ರಿ ಅಕ್ಕಾರ," ಎಂದರು. "ಆದ್ರ ಪರಿಮಳಾನೂ ಸಂಗಾಟ ಬರಬೇಕು. ಅಕಿ ಇಲ್ದ ಅದು ಬರೇ ಕಬ್ಬಿಣ."

ನನ್ನ ಗಂಡನ ಮಿಷನ್ನಿಗೂ ಅವಳಿಗೂ ಜೋಡಿ ಹಾಕಿ ನನ್ನನ್ನೇ ಕೇಳಿದರು. ಕೊಡುವುದಿಲ್ಲ, ನಾನೇ ನಡೆಸುತ್ತೇನೆ ಎಂದೆ. ನಾಗಣ್ಣ ನಕ್ಕು ಹೋದರು. ನನಗೆ ಬೇಕಾಗಿದ್ದು ಒಂದೇ. ಅವರ ಮಿಷನ್ ಅವಳಿಲ್ಲದೆ ನನ್ನ ಕೈಯಲ್ಲಿ ಕೊಯ್ಯಬೇಕು. ಅವರದು ಅಂತ ನನ್ನ ಹತ್ತಿರವೂ ಏನಾದರೂ ಇರಬೇಕು, ಅವಳ ಹತ್ತಿರ ಇಲ್ಲದ್ದು.

ಆದರೆ ಮಿಷನ್ ಬಿಚ್ಚಿ ಮನೆಗೆ ತಂದು ಕೂಡಿಸಲು ಅವಳೇ ಬೇಕಾಗಿತ್ತು. ಹೇಳಿ ಕಳಿಸಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಬಂದು ಕೂಡಿಸಿ, ಕಲಿಸಿ ಹೋಗುತ್ತೇನೆ, ಆಮೇಲೆ ಸುರಪುರದಲ್ಲಿ ನಾಗಣ್ಣನ ಹತ್ತಿರ ಪಾಲಿಶ್ ಕೆಲಸಕ್ಕೆ ಸೇರುತ್ತೇನೆ ಎಂದಳು. ಮೊದಲು ಮಿಷನ್ ಬಿಚ್ಚಿ ನಮ್ಮ ಮನೆ ಹಿಂದಿನ ತಗಡಿನ ಶೆಡ್ಡಿಗೆ ಸಾಗಿಸಿದೆವು. ಅವಳು ಬೋಲ್ಟುಗಳನ್ನು ಬೇರೆ ಬೇರೆ ಚಿಂದಿಯಲ್ಲಿ ಕಟ್ಟಿ, ಒಂದೊಂದಕ್ಕೂ ಚೀಟಿ ಹಚ್ಚಿದಳು. ಟೆಂಪೋದ ದಸ್ತಗೀರಸಾಬ ನೋಡಿ ನೋಡಿ ಅಂದರು, "ಇಷ್ಟು ಜೋಪಾನ ನಾವು ಮಗಳಿನ್ನ ಗಂಡನ ಮನಿಗಿ ಕಳಸೋ ಮುಂದ ಭೀ ಮಾಡಿಲ್ಲ." ಅವಳು ನಕ್ಕಳು. ನಾನು ನಗಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಶೆಡ್ಡಿನಲ್ಲಿ ನಾನೊಬ್ಬಳೇ ಇದ್ದೆ. ಟೇಬಲ್ ಗೋಡೆಗೆ ಒರಗಿತ್ತು. ಕೆಂಪು ಗೆರೆ ಎದುರಿಗೇ ಇತ್ತು. ಡಬ್ಬಿಯಲ್ಲಿ ಬಣ್ಣ ಕರಗಿಸುವ ಥಿನ್ನರ್ ಇತ್ತು. ಚಿಂದಿ ತೋಯಿಸಿ ತಿಕ್ಕಿದೆ. ನಾಲ್ಕು ಚಿಂದಿ ಕೆಂಪಾದವು. ಒಂದರ ಮೇಲೊಂದು ಎಷ್ಟು ಸಲ ಬಳಿದಿದ್ದಳೋ. ಪೂರ್ತಿ ಹೋಗುವತನಕ ಬಿಡಲಿಲ್ಲ.

ಮರುದಿನ ಬೆಳಗ್ಗೆ ಅವಳು ಬಂದಳು. ಮೊದಲು ನನ್ನನ್ನು ನೋಡಿದಳು. ಸೆರಗು ನಡೆಯುವುದಿಲ್ಲ ಎಂದಳು. ಸೆರಗು ಸೊಂಟಕ್ಕೆ ಬಿಗಿದು ಮೇಲೆ ಅವರ ಶರ್ಟ್ ಹಾಕಿಕೊಂಡೆ. ತೋಳು ಮಡಚಿಸಿದಳು. ಬಳೆ ತೆಗೆಯಿರಿ ಎನ್ನಲು ಬಾಯಿ ತೆರೆದವಳು, ನನ್ನ ಬರಿಗೈ ನೋಡಿ, ಬೋಲ್ಟಿನ ಚಿಂದಿ ಬಿಚ್ಚತೊಡಗಿದಳು.

ಕಂಬ ಮೊದಲು ಎದ್ದಿತು. ಬೋಲ್ಟ್ ಬಿಗಿದು ತೋಳು ಏರಿಸಿದೆವು. ತೋಳಿನ ತುದಿ ಹಿಡಿದು ಅಲ್ಲಾಡಿಸಿ ನೋಡಲು ಹೇಳಿದಳು. ಕಂಬ ಅಲುಗಿದರೆ ಮುಂದಿನದೆಲ್ಲ ಸುಳ್ಳು, ಅಣ್ಣಾರು ಹಾಗೆ ಹೇಳುತ್ತಿದ್ದರು ಎಂದಳು. ನನ್ನ ಗಂಡನನ್ನು ಅವಳು ಕರೆಯುತ್ತಿದ್ದುದು ಹಾಗೆ. ಆಮೇಲೆ ಟೇಬಲ್. ಗರಗಸ ಹಾಕದೆ ಬರೀ ಮೋಟಾರನ್ನು ನಾಲ್ಕೂ ಮೂಲೆಗೆ ಒಯ್ದು, ಅದರ ಕೆಳಗೆ ಹಳೆಯ ಲಗ್ನಪತ್ರಿಕೆಯೊಂದನ್ನು ತೂರಿಸಿ ಎಳೆದಳು. ಎಲ್ಲ ಮೂಲೆಯಲ್ಲೂ ಒಂದೇ ಬಿಗಿಯಲ್ಲಿ ಬರಬೇಕು. ಒಂದು ಕಡೆ ಸಡಿಲ ಬಂತು. ಟೇಬಲಿನ ಕೆಳಗೆ ಮಲಗಿ ಬೋಲ್ಟ್ ತಿರುವಿದಳು. ಇದನ್ನೂ ಅಣ್ಣಾರು ಹೀಗೇ ಮಲಗಿ ಮಾಡುತ್ತಿದ್ದರು ಎಂದಳು. ಬೋಲ್ಟ್ ತಿರುವುವಾಗ ಅವರು ಸುತ್ತು ಎಣಿಸುತ್ತಿದ್ದರಂತೆ, ಉರ್ದುವಿನಲ್ಲಿ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳಿಗೆ ಇದು ಗೊತ್ತಿರಲಿಲ್ಲ.

ಗರಗಸ ಹಾಕುವ ಮುಂಚೆ ಅವಳು ಟೇಬಲ್ ಒರೆಸಿದಳು. ಕೈ ನಿಂತಿತು.

"ಗೆರಿ ಎಲ್ರಿ ಅಕ್ಕಾರ?"

"ಟೆಂಪೋದಾಗ ತಿಕ್ಕಿ ಹೋಗಿರಬೇಕು," ಎಂದೆ.

ನನ್ನ ಮುಖ ನೋಡಿದಳು. ನೆಟ್ಟಗೆ ಮಾಡಿದ ಮೇಲೆ ಹಾಕೋಣ, ಅಲ್ಲಿಯತನಕ ನೀವು ಕೊಯ್ಯಬೇಡಿ ಎಂದಳು.

ವೈರು ಕಿತ್ತಿಟ್ಟೇ ಗರಗಸ ಕೂಡಿಸಿದಳು. ಟೇಬಲಿನ ಹಿಂದಿನ ಅಡ್ಡಪಟ್ಟಿಗೆ ಗುಣ್ಯಾ ಇಟ್ಟಳು. ಮೂಲೆ ಸರಿಯಿದೆಯೋ ನೋಡುವ ಕಬ್ಬಿಣ ಅದು. ಗರಗಸದ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಮೆಲ್ಲಗೆ ಎಳೆದಳು. ಆ ಹಲ್ಲು ಗುಣ್ಯಾದ ಉದ್ದಕ್ಕೂ ತಾಗಿಯೂ ತಾಗದ ಹಾಗೆ ಬರಬೇಕು. ತೋಳು ನಾನು ಹಿಡಿದೆ, ಬೋಲ್ಟ್ ಅವಳು ಬಿಗಿದಳು. ಎಂಟು ವರ್ಷ ಅವಳು ನಿಂತ ಜಾಗದಲ್ಲಿ ಈಗ ನಾನು ನಿಂತಿದ್ದೆ. ಅವರ ಜಾಗದಲ್ಲಿ ಅವಳು.

ಆಮೇಲೆ ವೈರು ಹಚ್ಚಿ ಅಗಲವಾದ ಒಂದು ಹಳೆ ಹಲಗೆ ಕೊಯ್ದಳು. ಎರಡು ತುಂಡಿನಲ್ಲಿ ಒಂದನ್ನು ಮಗುಚಿ, ಕೊಯ್ದ ಅಂಚಿಗೆ ಅಂಚು ಕೂಡಿಸಿ ಬೆಳಕಿಗೆ ಹಿಡಿದಳು. ಒಂದು ಕಡೆ ಸಂದಿನಲ್ಲಿ ಬೆಳಕು ಬಂತು. ಮಗುಚಿದರೆ ತಪ್ಪು ಎರಡು ಪಟ್ಟಾಗಿ ಕಾಣುತ್ತದೆ ಎಂದಳು. ಮತ್ತೆ ಸಡಿಲಿಸಿ ಬಿಗಿದೆವು. ಮೂರನೇ ಹಲಗೆಗೆ ಬೆಳಕು ಬರಲಿಲ್ಲ.

ಕೊಯ್ಯುವ ರೀತಿ ಬಾಯಲ್ಲಿ ಹೇಳಿದಳು. ಹಲಗೆ ಅಡ್ಡಪಟ್ಟಿಗೆ ಒತ್ತಿರಬೇಕು. ಎಡಗೈ ದೂರ, ಕೈ ಮೇಲೆ ಕೈ ದಾಟಬಾರದು. ಕೊಯ್ದ ಮೇಲೆ ಗರಗಸವನ್ನು ಹಿಂದಕ್ಕೆ ಒಯ್ದು ಬಿಟ್ಟೇ ಹಿಡಿಕೆ ಬಿಡಬೇಕು. "ಎಳಿಯೋದು ನಮ್ಮ ಕೆಲಸ ಅಲ್ರಿ. ಅದು ತಾನೇ ಓಡಿ ಬರ್ತದ. ಬಲಗೈ ಸೆಟಸಿ ಅದನ್ನ ತಡಿಯೋದೇ ಕೆಲಸ." ಇಷ್ಟು ಹೇಳಿ ನೀರು ಕುಡಿಯಲು ಮನೆಯೊಳಗೆ ಹೋದಳು.

ಅವಳ ಕಣ್ಣ ಮುಂದೆ ಕಲಿಯುವುದು ನನಗೆ ಬೇಡವಾಗಿತ್ತು. ಹಲಗೆ ಇಟ್ಟೆ. ಬಟನ್ ಒತ್ತಿದೆ. ಸದ್ದು ಕೇಳಿ ಅವಳು ಬಂದುಬಿಡುತ್ತಾಳೆ ಎಂದು ಅವಸರದಲ್ಲಿ ಎಳೆದೆ. ತಡೆಯುವುದು ಮರೆತೆ. ಗರಗಸ ಹಲಗೆಯನ್ನು ಹತ್ತಿ ನನ್ನ ಮೈಮೇಲೆ ಬಂತು. ಎಡಗೈ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಹೆಬ್ಬೆರಳಿಗೆ ಗಾಳಿ ಬಡಿದ ಹಾಗಾಯಿತು.

ಪರಿಮಳಾ ಓಡಿ ಬಂದು ವೈರು ಕಿತ್ತಳು. ಗರಗಸ ತಿರುಗುತ್ತ ತಿರುಗುತ್ತ ನಿಂತಿತು. ನನ್ನ ಕೈ ಹಿಡಿದು ಬೆಳಕಿಗೆ ತಂದಳು. ಹೆಬ್ಬೆರಳ ಉಗುರಿನ ತುದಿ ಇರಲಿಲ್ಲ. ಮಾಂಸ ಉಳಿದಿತ್ತು. ಒಂದು ಹನಿಯೂ ರಕ್ತ ಇಲ್ಲ. ಅವಳು ನೆಲದ ಮೇಲೆ ಕೂತುಬಿಟ್ಟಳು. ನಾನೂ ಕೂತೆ.

"ಗೆರಿ ಟೆಂಪೋದಾಗ ಹೋಗಿಲ್ಲ," ಎಂದೆ. "ನಾನೇ ಒರಸೀನಿ."

"ಗೊತ್ತದ್ರಿ. ಥಿನ್ನರ್ ವಾಸನಿ ಬಂದಿತ್ತು."

"ಅದು ನಿನ್ನ ಬಣ್ಣ."

"ಹೂನ್ರಿ, ನಂದೇ. ಪೆನ್ಸಿಲ್ಲಿಂದು ಹಾಕಿದ್ರ ಕಟ್ಟಿಗಿ ಹೊಟ್ಟಿನಾಗ ಅಳಿಸಿ ಹೋಗ್ತಿತ್ತು. ನನ್ನ ಚೀಲದಾಗ ಬಾಟ್ಲಿ ಇತ್ತು, ಕೊಟ್ಟೆ. ಈ ಗೆರಿ ದಾಟಿ ಕೈ ಒಯ್ದಿ ಅಂದ್ರ ಉಗುರಿಗಿ ಬಣ್ಣ ಹಚ್ಚಲಿಕ್ಕ ಬೆರಳೇ ಇರಂಗಿಲ್ಲ ಅಂತ ಅಣ್ಣಾರು ಚಾಷ್ಟಿ ಮಾಡಿ ನಕ್ಕಿದ್ರು." ನನ್ನ ಹೆಬ್ಬೆರಳನ್ನು ಮತ್ತೆ ತಿರುಗಿಸಿ ನೋಡಿದಳು. "ನನ್ನ ಮ್ಯಾಲ ಸಿಟ್ಟಿದ್ರ ನನ್ನ ಚಾದ ಲೋಟ ಒಡೀಬೇಕಿತ್ರಿ ಅಕ್ಕಾರ. ಗೆರಿ ಏನ್ ಮಾಡಿತ್ತು?"

ಕಿಟಕಿಯಿಂದ ನೋಡಿದ ಆ ಅಮಾವಾಸ್ಯೆ ಅವರಿಬ್ಬರೂ ಯಾತಕ್ಕೆ ನಕ್ಕರು ಎನ್ನುವುದು ಅವತ್ತು ತಿಳಿಯಿತು.

ಅವಳು ಎದ್ದು ಚೀಲದಿಂದ ಬಾಟಲಿ ತೆಗೆದಳು, ಟೇಪು ತೆಗೆದಳು. ಟೇಬಲ್ ಮುಂದೆ ನಿಂತಳು. ಟೇಪು ಬಿಚ್ಚಲಿಲ್ಲ.

"ಎಷ್ಟಕ್ಕ ಎಳೀಲಿ?" ಎಂದಳು. "ಟೇಪು ಹಿಡಿದಿದ್ದೇ ಇಲ್ಲ. ಅಣ್ಣಾರು ಒಮ್ಮೆ ಗರಗಸದ ಕಚ್ಚಿಂದ ಗೇಣು ಇಟ್ರು, ಆಮ್ಯಾಲ ನಾ ಹಳೀ ಗೆರಿ ಮ್ಯಾಲೇ ಬಳಿತಿದ್ದೆ. ಅವರ ಗೇಣು ಎಷ್ಟಿತ್ತೋ ನನಗೇನು ಗೊತ್ರಿ." ತನ್ನ ಕೈ ಬಿಚ್ಚಿ ಟೇಬಲ್ ಮೇಲೆ ಇಟ್ಟು ನೋಡಿ, ತನ್ನದು ಸಣ್ಣದು ಎಂದಳು. ಅಂದಾಜಿಗೆ ಎಳೆದರೂ ನಡೆಯುತ್ತದೆ ಎಂದಳು.

ನಾನು ಅವಳನ್ನೇ ನೋಡಿದೆ. ಯಾವ ಬೋಲ್ಟಿಗೆ ಎಷ್ಟು ಸುತ್ತು ಎಂದು ಗೊತ್ತಿದ್ದವಳು. ಅವರು ಯಾವ ಭಾಷೆಯಲ್ಲಿ ಎಣಿಸುತ್ತಿದ್ದರು ಎಂದು ಗೊತ್ತಿದ್ದವಳು. ಅವರ ಕೈ ಎಷ್ಟುದ್ದ ಎಂದು ಅವಳಿಗೆ ಗೊತ್ತಿರಲಿಲ್ಲ.

"ಅಂದಾಜಿಗೆ ಬ್ಯಾಡ," ಎಂದೆ.

ಶರ್ಟಿನ ತೋಳನ್ನು ಇನ್ನೂ ಮೇಲಕ್ಕೆ ಏರಿಸಿದೆ. ಗರಗಸ ಓಡಿ ಓಡಿ ಟೇಬಲ್ ಮೇಲೆ ಬಿದ್ದ ಕಚ್ಚಿನ ಮೇಲೆ ಎಡಗೈಯ ಮೊಳಕೈ ಊರಿ, ಕೈ ಉದ್ದಕ್ಕೆ ಚಾಚಿದೆ. ಮದುವೆಯ ಹೊಸದರಲ್ಲಿ ಅವರು ಇಲ್ಲಿಯೇ ಗೇಣು ಇಟ್ಟಿದ್ದರು. ಮೊಳಕೈಗೆ ಹೆಬ್ಬೆರಳು ಇಟ್ಟರೆ ಕಿರುಬೆರಳು ನನ್ನ ಮೊದಲ ಬಳೆಗೆ ತಾಗುತ್ತಿತ್ತು. ಒಂದು ಗೇಣಿನ ಕೈ, ಇಷ್ಟು ರೊಟ್ಟಿ ಹ್ಯಾಂಗ ಬಡಿತದ ಎಂದು ನಗುತ್ತಿದ್ದರು. ಆಮೇಲೆ ಎಷ್ಟೋ ಸಲ ಇಟ್ಟರು. ಬಳೆ ತೆಗೆದು ಹತ್ತು ತಿಂಗಳಾದರೂ ಆ ಜಾಗ ಇನ್ನೂ ಬೆಳ್ಳಗಿದೆ. ಅದನ್ನು ತೋರಿಸಿದೆ.

"ಇಲ್ಲೀತನಕ. ಎಳಿ."

ಪರಿಮಳಾ ನನ್ನ ಕೈಯನ್ನು ನೋಡಿದಳು, ನನ್ನನ್ನು ನೋಡಿದಳು. ಬಗ್ಗಿ, ಅಲುಗಬೇಡಿ ಎಂದು ಹೇಳಿ, ಮಣಿಕಟ್ಟಿನ ಮಗ್ಗುಲಿಗೆ ಗೆರೆ ಎಳೆದಳು. ಒಣಗುವತನಕ ನಾನು ಕೈ ತೆಗೆಯಲಿಲ್ಲ.

ಆಮೇಲೆ ಹಲಗೆ ಇಟ್ಟೆ. ಎಡಗೈಯನ್ನು ಗೆರೆಯ ಆಚೆ ಇಟ್ಟೆ. ಬಲಗೈ ಸೆಟೆಸಿ ಗರಗಸವನ್ನು ತಡೆದು ತಡೆದು ತಂದೆ, ಹಿಂದಕ್ಕೆ ಒಯ್ದು ಬಿಟ್ಟೆ, ನಿಲ್ಲುವತನಕ ಕಾದೆ. ತುಂಡು ಮಗುಚಿ ಕೂಡಿಸಿದೆ. ಬೆಳಕು ಬರಲಿಲ್ಲ.

ಹೊಟ್ಟೆಕಿಚ್ಚು ಹೋಯಿತು ಎಂದರೆ ಸುಳ್ಳಾಗುತ್ತದೆ. ಆ ಅಮಾವಾಸ್ಯೆಗಳೆಲ್ಲ ಅವಳ ಹತ್ತಿರವೇ ಇವೆ. ಸಂಜೆ ಅವಳು ಸುರಪುರದ ಬಸ್ಸಿಗೆ ಹೊರಟು ನಿಂತಾಗ, ಬಾಟಲಿ ಇಲ್ಲೇ ಬಿಟ್ಟು ಹೋಗು ಎನ್ನಬೇಕೆಂದಿದ್ದೆ. ಬಾಯಿಗೆ ಬೇರೆ ಬಂತು.

"ಬರೋ ಅಮಾಸಿಗಿ ಬಾಟ್ಲಿ ತಗೊಂಡು ಬಾ. ಹೊತ್ತು ಮಾಡಬ್ಯಾಡ. ಕಡಬು ಆರ್ತಾವ."